ಬಲೆಕೋಲಿನ ಆಟಕ್ಕೆ ಆರು ವಾರದ ತಾಲೀಮು

ಫೆಬ್ರವರಿ ತಿಂಗಳಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ ನೆಲದ ಮೇಲೆ ಹಿಮ ಇನ್ನೂ ಪೂರ್ತಿ ಕರಗಿರುವುದಿಲ್ಲ. ನ್ಯೂಜೆರ್ಸಿ, ಮೇರಿಲ್ಯಾಂಡ್, ಲಾಂಗ್ ಐಲೆಂಡ್ ಕಡೆಯ ಊರುಗಳಲ್ಲಿ ಆ ದಿನಗಳ ಸಂಜೆ ಶಾಲೆಯ ಹಿಂಬದಿಯಿಂದ ಒಂದೇ ಸಮನೆ ‘ಟಪ್, ಟಪ್’ ಎಂಬ ಸದ್ದು ಕೇಳಿಬರುತ್ತದೆ. ಹದಿನಾಲ್ಕು ಹದಿನೈದರ ಹುಡುಗನೋ ಹುಡುಗಿಯೋ ಗೋಡೆಯ ಮುಂದೆ ನಿಂತು, ತುದಿಗೆ ಬಲೆ ಕಟ್ಟಿದ ಕೋಲಿನಿಂದ ಗಟ್ಟಿ ರಬ್ಬರ್ ಚೆಂಡನ್ನು ಗೋಡೆಗೆ ಎಸೆಯುವುದು, ಮರಳಿ ಬಂದದ್ದನ್ನು ಅದೇ ಬಲೆಯಲ್ಲಿ ಹಿಡಿಯುವುದು, ಮತ್ತೆ ಎಸೆಯುವುದು. ಮಗನ ಮನೆಗೆಂದು ಹೋಗಿ ಬಂದ ಕರ್ನಾಟಕದ ಅಜ್ಜಿಯರು ‘ಅದೇನೋ ಮೀನು ಹಿಡಿಯೋ ಬಲೆ ಹಿಡ್ಕೊಂಡು ಮೊಮ್ಮಗ ಗೋಡೆ ಜೊತೆ ಜಗಳ ಆಡ್ತಾನೆ’ ಎಂದು ವರ್ಣಿಸುವುದು ಈ ಆಟವನ್ನೇ. ಇದರ ಹೆಸರು ಲಕ್ರಾಸ್. ಗೋಡೆಯ ಜೊತೆಗಿನ ಈ ಜಗಳಕ್ಕೆ ಕಾರಣ, ಕೆಲವೇ ವಾರಗಳಲ್ಲಿ ಬರಲಿರುವ ಶಾಲಾ ತಂಡದ ಆಯ್ಕೆ.

ಲಕ್ರಾಸ್ ಹೆಸರನ್ನು ಕೇಳದವರೂ ಇನ್ನು ಸ್ವಲ್ಪ ದಿನದಲ್ಲಿ ಕೇಳಬೇಕಾಗುತ್ತದೆ. 2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ನಡೆದದ್ದು ಮುಂಬಯಿಯಲ್ಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿತೆಂಬ ಸುದ್ದಿ ಅಲ್ಲಿಂದಲೇ ಹೊರಟು ಮನೆಮನೆಗೆ ತಲುಪಿತು. ಅದೇ ಪಟ್ಟಿಯಲ್ಲಿ ಲಕ್ರಾಸ್ ಕೂಡ ಇತ್ತೆಂಬುದನ್ನು ಗಮನಿಸಿದವರು ಕಡಿಮೆ. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮತ್ತು 1908ರಲ್ಲಿ ಲಂಡನ್ನಿನಲ್ಲಿ ಪದಕಕ್ಕಾಗಿ ಆಡಿದ ಈ ಆಟ ತಂಡಕ್ಕೆ ಆರು ಜನರ ಚಿಕ್ಕ ರೂಪದಲ್ಲಿ ಒಲಿಂಪಿಕ್ಸ್‌ಗೆ ಮರಳುತ್ತಿದೆ.

ಆಟ ಮಾತ್ರ ಬಹಳ ಹಳೆಯದು. ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳು ಯುರೋಪಿನವರು ಬರುವುದಕ್ಕೆ ಮೊದಲೇ ಇದನ್ನು ಆಡುತ್ತಿದ್ದರು. ಫ್ರೆಂಚ್ ಪಾದ್ರಿಗಳು 1630ರ ದಶಕದಲ್ಲಿ ನೋಡಿ ಬರೆದಿಟ್ಟರು. ಬಾಗಿದ ತುದಿಯ ಕೋಲಿಗೆ ಅವರ ಭಾಷೆಯಲ್ಲಿದ್ದ ಪದವೇ ಆಟದ ಹೆಸರಾಯಿತು. ಇರೊಕ್ವಾ ಎಂದು ಹೊರಗಿನವರು ಕರೆಯುವ, ತಮ್ಮನ್ನು ತಾವು ಹೋಡೆನೊಶೋನಿ ಎಂದು ಕರೆದುಕೊಳ್ಳುವ ಜನರಿಗೆ ಇದು ಬರೀ ಆಟವಲ್ಲ; ಸೃಷ್ಟಿಕರ್ತನ ಸಂತೋಷಕ್ಕಾಗಿ, ರೋಗಿಗಳು ಗುಣವಾಗಲೆಂದು ಆಡುವ ಪೂಜೆ. ಹಿಕರಿ ಮರದ ಸೀಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ಚರ್ಮದ ಹುರಿಯಿಂದ ಬಲೆ ಹೆಣೆದು ಕೋಲು ತಯಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ತೊಟ್ಟಿಲಿಗೊಂದು ಪುಟ್ಟ ಕೋಲು, ಸತ್ತರೆ ಶವದ ಜೊತೆಗೊಂದು ಕೋಲು ಇಡುವ ಸಂಪ್ರದಾಯ ಅವರದು.

ಇತಿಹಾಸದ ಪುಸ್ತಕದಲ್ಲಿ ಈ ಆಟಕ್ಕೆ ಇನ್ನೊಂದು ಕಡೆಯೂ ಜಾಗ ಸಿಕ್ಕಿದೆ. 1763ರ ಜೂನ್‌ನಲ್ಲಿ ಮಿಶಿಲಿಮ್ಯಾಕಿನಾಕ್ ಎಂಬ ಬ್ರಿಟಿಷ್ ಕೋಟೆಯ ಹೊರಗೆ ಒಜಿಬ್ವೆ ಮತ್ತು ಸಾಕ್ ಜನರು ಪಂದ್ಯ ಹೂಡಿದರು. ಸಿಪಾಯಿಗಳು ಬಾಗಿಲು ತೆರೆದಿಟ್ಟು ನೋಡುತ್ತ ನಿಂತರು. ಚೆಂಡು ಬೇಕೆಂದೇ ಕೋಟೆಯ ಕಡೆಗೆ ಹಾರಿತು. ಅದರ ಹಿಂದೆ ಓಡಿದ ಆಟಗಾರರು, ಕಂಬಳಿಯೊಳಗೆ ಆಯುಧ ಅಡಗಿಸಿಕೊಂಡು ನಿಂತಿದ್ದ ತಮ್ಮ ಹೆಂಗಸರ ಕೈಯಿಂದ ಅವನ್ನು ಇಸಿದುಕೊಂಡು ಒಳನುಗ್ಗಿದರು. ಕೋಟೆ ಅವರ ವಶವಾಯಿತು.

ನೂರು ವರ್ಷದ ನಂತರ, 1867ರಲ್ಲಿ, ಮಾಂಟ್ರಿಯಲ್ ನಗರದ ವಿಲಿಯಂ ಜಾರ್ಜ್ ಬಿಯರ್ಸ್ ಎಂಬ ದಂತವೈದ್ಯ ಆಟಕ್ಕೆ ಲಿಖಿತ ನಿಯಮ ಮಾಡಿದ. 1994ರಲ್ಲಿ ಕೆನಡಾ ಇದನ್ನು ತನ್ನ ಬೇಸಿಗೆಯ ರಾಷ್ಟ್ರೀಯ ಕ್ರೀಡೆಯೆಂದು ಕಾನೂನು ಮಾಡಿತು. ಆಟ ಕೊಟ್ಟ ಜನರ ಪಾಡು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. 2010ರಲ್ಲಿ ಅವರ ತಂಡ ತಮ್ಮದೇ ಪಾಸ್‌ಪೋರ್ಟ್ ಹಿಡಿದು ಮ್ಯಾಂಚೆಸ್ಟರಿನ ವಿಶ್ವ ಪಂದ್ಯಾವಳಿಗೆ ಹೊರಟಾಗ ಬ್ರಿಟನ್ ಅದನ್ನು ಒಪ್ಪದೆ, ತಂಡ ನ್ಯೂಯಾರ್ಕಿನಿಂದಲೇ ಹಿಂತಿರುಗಬೇಕಾಯಿತು.

ಈಗ ಶಾಲೆಯ ಮೈದಾನಕ್ಕೆ ಬರೋಣ. ಹುಡುಗರ ಆಟದಲ್ಲಿ ತಂಡಕ್ಕೆ ಹತ್ತು ಜನ: ಮುಂದೆ ಮೂವರು, ನಡುವೆ ಮೂವರು, ಹಿಂದೆ ಮೂವರು, ಗೋಲಿನಲ್ಲಿ ಒಬ್ಬ. ಮೈದಾನದ ಉದ್ದ ಸುಮಾರು 100 ಮೀಟರು, ಅಗಲ ಸುಮಾರು 55 ಮೀಟರು. ಗೋಲು ಆರಡಿ ಎತ್ತರ, ಆರಡಿ ಅಗಲದ ಚೌಕ. ಚೆಂಡಿನ ತೂಕ 142ರಿಂದ 149 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ತುಸು ಹಗುರ, ಗಾತ್ರವೂ ತುಸು ಚಿಕ್ಕದು. ಒಳಗೆಲ್ಲ ರಬ್ಬರೇ. ಮುಂದಿನವರ ಕೋಲು ಸುಮಾರು ಒಂದು ಮೀಟರು; ಹಿಂದೆ ಕಾಯುವವರದು ಆರಡಿಯವರೆಗೂ ಇರಬಹುದು. ಹುಡುಗರು ಹೆಲ್ಮೆಟ್, ಕೈಗವಸು, ಭುಜ ಮತ್ತು ಎದೆಯ ಕವಚ ತೊಡುತ್ತಾರೆ. ನಿಯಮದೊಳಗೆ ಮೈಗೆ ಮೈ ತಾಗಿಸಬಹುದು. ಹುಡುಗಿಯರ ಆಟ ಬೇರೆ. ಹನ್ನೆರಡು ಜನ, ಬಲೆ ಹೆಚ್ಚು ಆಳವಿಲ್ಲ, ಮೈ ತಾಗಿಸುವಂತಿಲ್ಲ, ಕಣ್ಣಿಗೆ ಜಾಲರಿಯ ಕನ್ನಡಕ ಕಡ್ಡಾಯ.

ಅಲ್ಲಿನ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ. ದೊಡ್ಡ ಶಾಲೆಗಳಲ್ಲಿ ಎರಡು ಮೂರು ತಂಡಗಳಿರುತ್ತವೆ: ಮುಖ್ಯ ತಂಡವಾದ ವಾರ್ಸಿಟಿ, ಅದರ ಕೆಳಗೆ ಜೂನಿಯರ್ ವಾರ್ಸಿಟಿ, ಕೆಲವು ಕಡೆ ಒಂಬತ್ತನೆಯವರಿಗೇ ಒಂದು. ಲಕ್ರಾಸ್ ವಸಂತ ಋತುವಿನ ಆಟ. ಹೆಚ್ಚಿನ ರಾಜ್ಯಗಳಲ್ಲಿ ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಆಯ್ಕೆ ಶುರುವಾಗಿ ಕೆಲವೇ ದಿನದಲ್ಲಿ ಮುಗಿಯುತ್ತದೆ. ಅದಕ್ಕೆ ಮೊದಲು ವೈದ್ಯರು ಪರೀಕ್ಷಿಸಿ ಸಹಿ ಮಾಡಿದ ಅರ್ಜಿ ಬೇಕು, ಪೋಷಕರ ಒಪ್ಪಿಗೆ ಬೇಕು, ತರಗತಿಯ ಅಂಕಗಳು ಒಂದು ಮಟ್ಟಕ್ಕಿಂತ ಕೆಳಗಿರಬಾರದು. ಎಷ್ಟೋ ಮಕ್ಕಳು ಮೊದಲ ದಿನ ಅಂಚಿನಲ್ಲಿ ಕುಳಿತು ನೋಡುವುದು ಆಟ ಬಾರದೆ ಅಲ್ಲ, ಕಾಗದ ಬಾರದೆ. ವೈದ್ಯರ ಬಳಿ ತಿಂಗಳ ಮುಂಚೆಯೇ ಸಮಯ ಕೇಳಿಡುವುದು ತಂದೆತಾಯಿಯರ ಪಾಲಿನ ಮೊದಲ ತಾಲೀಮು ಎನ್ನಬೇಕು. ಆ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಓಡುವಾಗ ಎಂದಾದರೂ ತಲೆ ಸುತ್ತಿ ಬಿದ್ದದ್ದುಂಟೆ, ಎದೆನೋವು ಬಂದದ್ದುಂಟೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡದ್ದುಂಟೆ ಎಂದು ಅಲ್ಲಿ ಕೇಳುತ್ತಾರೆ. ಊರಿನಲ್ಲಿರುವ ಹಿರಿಯರಿಗೆ ಫೋನು ಮಾಡಿಯಾದರೂ ಸರಿಯಾದ ಉತ್ತರ ತಿಳಿದುಕೊಳ್ಳುವುದು ಲೇಸು. ‘ಏನೂ ಇಲ್ಲ’ ಎಂದು ಬರೆದುಬಿಡುವುದು ಸುಲಭ. ಆದರೆ ಹೃದಯದ ಕೆಲವು ದೋಷಗಳು ವಂಶದಲ್ಲಿ ಹರಿದು ಬರುತ್ತವೆ.

ಆಯ್ಕೆ ಮಾಡುವ ತರಬೇತುದಾರನ ಕಣ್ಣು ಏನನ್ನು ಹುಡುಕುತ್ತದೆ? ಹೊಸಬರು ಗೋಲಿನತ್ತ ಜೋರಾಗಿ ಹೊಡೆಯುವುದನ್ನೇ ಅಭ್ಯಾಸ ಮಾಡುತ್ತಾರೆ. ಅದು ನೋಡಲು ಚೆಂದ. ಆದರೆ ಪಂದ್ಯದಲ್ಲಿ ಚೆಂಡು ಪದೇ ಪದೇ ನೆಲಕ್ಕೆ ಬೀಳುತ್ತದೆ. ಬಿದ್ದದ್ದನ್ನು ಓಡುತ್ತಲೇ ಬಾಚಿಕೊಳ್ಳುವವನು ತಂಡಕ್ಕೆ ಬೇಕು. ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಕೆಳಗಿನ ಕೈಯನ್ನೂ ನೆಲದ ಸಮೀಪಕ್ಕೆ ತಂದು, ಮೊರದಲ್ಲಿ ಕಾಳು ಬಾಚುವಂತೆ ಕೋಲನ್ನು ಚೆಂಡಿನಡಿ ತೂರಿಸಿ, ನಿಲ್ಲದೆ ಮುಂದೆ ಓಡಬೇಕು. ಕೋಲು ಕಡಿದಾಗಿ ನಿಂತಿದ್ದರೆ ಬಲೆಯ ಅಂಚು ಚೆಂಡನ್ನು ಮುಂದಕ್ಕೆ ತಳ್ಳುತ್ತದೆ. ನೆಲಕ್ಕೆ ಒರಗಿದಂತಿದ್ದರೆ ಚೆಂಡು ತಾನೇ ಹತ್ತಿ ಬರುತ್ತದೆ. ಇದರ ನಂತರ ನೋಡುವುದು ಎರಡೂ ಕೈಯಲ್ಲಿ ಎಸೆದು ಹಿಡಿಯಬಲ್ಲನೇ ಎಂದು. ಬಲಗೈ ಮಾತ್ರ ಬಲ್ಲವನನ್ನು ಎದುರಾಳಿ ಎರಡೇ ನಿಮಿಷದಲ್ಲಿ ಗುರುತಿಸಿ ಆ ಕಡೆಯನ್ನೇ ಕಟ್ಟಿಹಾಕುತ್ತಾನೆ.

ಎರಡನೆಯದಕ್ಕೆ ಗೋಡೆಗಿಂತ ಒಳ್ಳೆಯ ಗುರು ಇಲ್ಲ. ಇಲ್ಲಿ ಸ್ವಲ್ಪ ಲೆಕ್ಕ ನೋಡಬಹುದು. ಹಳೆಯ ನಿಯಮದಂತೆ ಆರಡಿ ಎತ್ತರದಿಂದ ಮರದ ಹಾಸಿನ ಮೇಲೆ ಬಿಟ್ಟ ಲಕ್ರಾಸ್ ಚೆಂಡು ನಾಲ್ಕು ಅಡಿಯ ಆಸುಪಾಸಿಗೆ ಪುಟಿಯಬೇಕು. ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.8 ಬರುತ್ತದೆ. ಅಂದರೆ ಗಟ್ಟಿ ಗೋಡೆಗೆ ಬಡಿದ ಚೆಂಡು ತನ್ನ ವೇಗದ ಹತ್ತರಲ್ಲಿ ಎಂಟು ಪಾಲನ್ನು ಉಳಿಸಿಕೊಂಡು ಮರಳುತ್ತದೆ. ಐದು ಮೀಟರ್ ದೂರದಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಸೆದರೆ ಹೋಗಲು ಮೂರನೇ ಒಂದು ಸೆಕೆಂಡು, ಸೆಕೆಂಡಿಗೆ 12 ಮೀಟರಿನಂತೆ ಬರಲು ಸುಮಾರು 0.42 ಸೆಕೆಂಡು. ಒಟ್ಟು ಮುಕ್ಕಾಲು ಸೆಕೆಂಡಿನಲ್ಲಿ ಚೆಂಡು ವಾಪಸ್. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಉಳಿದ ಅರ್ಧ ಸೆಕೆಂಡಿನಲ್ಲಿ ಕೋಲು ಸರಿಯಾದ ಜಾಗಕ್ಕೆ ಬಂದಿರಬೇಕು. ಗೆಳೆಯನೊಡನೆ ಎಸೆದಾಡಿದರೆ ಅವನು ತಪ್ಪಿಸಿದ ಚೆಂಡನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಗೋಡೆ ತಪ್ಪಿಸುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುನ್ನೂರು ಎಸೆತ ಸಾಧ್ಯ. ವಾರಕ್ಕೆ ಐದು ದಿನದಂತೆ ಆರು ವಾರಕ್ಕೆ ಒಂಬತ್ತು ಸಾವಿರ. ಅದರಲ್ಲಿ ಅರ್ಧದಷ್ಟಾದರೂ ಬಾರದ ಕೈಗೆ ಮೀಸಲಿಡಬೇಕು. ಕಷ್ಟವೆಂದು ಮಕ್ಕಳು ಕದಿಯುವುದು ಇದನ್ನೇ.

ಕೈಯಿಂದ ಎಸೆಯುವುದಕ್ಕಿಂತ ಕೋಲಿನಿಂದ ಎಸೆದದ್ದು ಏಕೆ ಅಷ್ಟು ಜೋರಾಗಿ ಹೋಗುತ್ತದೆ ಎಂಬುದು ಹತ್ತನೆಯ ತರಗತಿಯ ಹುಡುಗನಿಗೆ ಒಳ್ಳೆಯ ಪ್ರಶ್ನೆ. ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಹಕ್ಕಿ ಓಡಿಸುವವರ ಕವಣೆಯನ್ನು ಕಂಡವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ತಿರುಗುವ ವಸ್ತುವಿನ ವೇಗವೆಂದರೆ ಕೋನೀಯ ವೇಗ ಗುಣಿಸು ತ್ರಿಜ್ಯ. ಭುಜದಿಂದ ಅಂಗೈಗೆ ಸುಮಾರು 60 ಸೆಂಟಿಮೀಟರು. ಕೋಲಿನ 90 ಸೆಂಟಿಮೀಟರು ಸೇರಿದರೆ ಒಂದೂವರೆ ಮೀಟರು. ಅದೇ ಗತಿಯಲ್ಲಿ ತಿರುಗಿಸಿದರೆ ಚೆಂಡಿನ ವೇಗ ಎರಡೂವರೆ ಪಟ್ಟು. ಉದ್ದ ಹೆಚ್ಚಾದಂತೆ ತಿರುಗಿಸುವುದೂ ಕಷ್ಟವಾಗುವುದರಿಂದ ಲೆಕ್ಕದಷ್ಟು ಲಾಭ ಮೈದಾನದಲ್ಲಿ ಸಿಗುವುದಿಲ್ಲ. ಆದರೂ ದೊಡ್ಡವರ ಆಟದಲ್ಲಿ ಗಂಟೆಗೆ 160 ಕಿಲೋಮೀಟರ್ ಮೀರುವ ಹೊಡೆತಗಳುಂಟು. ಇದನ್ನು ತೋಳಿನ ಬಲ ಎಂದು ತಿಳಿಯುವವರೇ ಬಹಳ. ಮೇಲಿನ ಕೈ ತಳ್ಳುವಾಗ ಕೆಳಗಿನ ಕೈ ಎಳೆಯಬೇಕು. ಆಗ ಕೋಲು ಸನ್ನೆಯಾಗುತ್ತದೆ. ಪಾದದಿಂದ ಸೊಂಟ, ಸೊಂಟದಿಂದ ಭುಜ, ಭುಜದಿಂದ ಮಣಿಕಟ್ಟು ಎಂದು ತಿರುಗುವಿಕೆ ಒಂದಾದ ಮೇಲೊಂದು ಬರಬೇಕು. ಒಣಕಲು ಹುಡುಗನೊಬ್ಬ ದಾಂಡಿಗನಿಗಿಂತ ಜೋರಾಗಿ ಎಸೆಯುವುದರ ಗುಟ್ಟು ಇದು.

ಓಡುವಾಗ ಚೆಂಡು ಬಲೆಯಿಂದ ಬೀಳದಂತೆ ಕೋಲನ್ನು ತೊಟ್ಟಿಲಿನಂತೆ ತೂಗುತ್ತಿರಬೇಕು. ನೀರು ತುಂಬಿದ ಚೊಂಬನ್ನು ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿದರೆ ತಲೆಕೆಳಗಾದಾಗಲೂ ನೀರು ಚೆಲ್ಲದಲ್ಲ, ಅದೇ ನಿಯಮ. ಚೆಂಡು 30 ಸೆಂಟಿಮೀಟರ್ ತ್ರಿಜ್ಯದ ಕಮಾನಿನಲ್ಲಿ ಸೆಕೆಂಡಿಗೆ 1.7 ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಚಲಿಸುತ್ತಿದ್ದರೆ, ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ 9.8ನ್ನು ಮೀರುತ್ತದೆ, ಬಲೆ ಕೆಳಮುಖವಾದ ಕ್ಷಣದಲ್ಲೂ ಚೆಂಡು ಬಲೆಗೆ ಒತ್ತಿಕೊಂಡೇ ಇರುತ್ತದೆ. ಹುಡುಗಿಯರ ಬಲೆಗೆ ಆಳ ಕಡಿಮೆಯಾದ್ದರಿಂದ ಅವರ ತೂಗಾಟ ಇನ್ನೂ ನಯವಾಗಿರಬೇಕು. ಈ ವಿಷಯದಲ್ಲಿ ಹುಡುಗಿಯರ ಆಟವೇ ಹೆಚ್ಚು ಕಠಿಣ.

ಇನ್ನು ದೇಹದ ಮಾತು. ಆಯ್ಕೆಯ ಮೊದಲ ದಿನವೇ ಉಸಿರು ಕಟ್ಟುವಂತೆ ಓಡಿಸುತ್ತಾರೆಂದು ಹಿರಿಯ ವಿದ್ಯಾರ್ಥಿಗಳು ಹೆದರಿಸಿಟ್ಟಿರುತ್ತಾರೆ. ಆಗ ಮಕ್ಕಳು ಮಾಡುವುದೇನೆಂದರೆ, ಜನವರಿಯೆಲ್ಲ ಬೆಚ್ಚಗೆ ಮಲಗಿದ್ದು ಕೊನೆಯ ಹತ್ತು ದಿನ ದಿನಕ್ಕೆರಡು ಸಲ ಓಡುವುದು. ಪರೀಕ್ಷೆಯ ಹಿಂದಿನ ರಾತ್ರಿ ಓದುವವರ ಜಾತಿಯೇ ಇದು. ದೇಹ ಆ ರೀತಿ ಕಲಿಯುವುದಿಲ್ಲ. ವ್ಯಾಯಾಮ ಮಾಡುವಾಗ ಸ್ನಾಯು ದುರ್ಬಲವಾಗುತ್ತದೆ. ಆಮೇಲಿನ ವಿಶ್ರಾಂತಿಯಲ್ಲಿ ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮೊದಲ ಕೆಲವು ವಾರ ಹೆಚ್ಚುವ ಶಕ್ತಿ ಬಹುಪಾಲು ನರಗಳದ್ದು, ಇದ್ದ ಸ್ನಾಯುತಂತುಗಳನ್ನೇ ಒಟ್ಟಿಗೆ ಎಬ್ಬಿಸಲು ಮಿದುಳು ಕಲಿಯುತ್ತದೆ. ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು, ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಹೆಚ್ಚಲು ವಾರಗಟ್ಟಲೆ ಬೇಕು. ಆದ್ದರಿಂದ ಆರರಿಂದ ಎಂಟು ವಾರ ಮೊದಲು ಆರಂಭಿಸಿ, ವಾರಕ್ಕೆ ಮೂರು ದಿನ ಓಟ, ಎರಡು ದಿನ ದೇಹದ ಭಾರವನ್ನೇ ಬಳಸುವ ದಂಡ ಬಸ್ಕಿ, ಒಂದು ದಿನ ಪೂರ್ತಿ ವಿರಾಮ ಎಂದಿಟ್ಟುಕೊಂಡರೆ ಸಾಕು. ಓಟವೂ ಬರೀ ಉದ್ದ ಓಟವಲ್ಲ. ಲಕ್ರಾಸ್‌ನಲ್ಲಿ ಅರ್ಧ ನಿಮಿಷ ಶರವೇಗ, ಆಮೇಲೆ ನಡಿಗೆ, ಮತ್ತೆ ಶರವೇಗ. ಅಭ್ಯಾಸವೂ ಹಾಗೆಯೇ ಇರಬೇಕು. ಚಳಿಯಲ್ಲಿ ಹೊರಡುವಾಗ ಹತ್ತು ನಿಮಿಷ ಜಿಗಿತ, ಮಂಡಿ ಎತ್ತಿ ಓಡುವುದು, ಪಕ್ಕಕ್ಕೆ ಸರಿಯುವುದು ಇವುಗಳಿಂದ ಮೈ ಬಿಸಿ ಮಾಡಿಕೊಳ್ಳದೆ ಕೋಲು ಮುಟ್ಟಬಾರದು. ಹುಡುಗಿಯರಿಗೆ ಇದು ಇನ್ನೂ ಮುಖ್ಯ. ಥಟ್ಟನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಅವರಲ್ಲಿ ಹೆಚ್ಚು. ಜಿಗಿದು ಇಳಿಯುವಾಗ ಮಂಡಿಗಳು ಒಳಕ್ಕೆ ವಾಲದಂತೆ ಅಭ್ಯಾಸ ಮಾಡಿಸಿದರೆ ಈ ಪೆಟ್ಟು ಕಡಿಮೆಯಾಗುತ್ತದೆ.

ಹದಿನಾಲ್ಕರ ಹುಡುಗ ಮಂಡಿಯ ಕೆಳಗೆ ಮುಂಭಾಗದಲ್ಲಿ ನೋವೆಂದರೆ ‘ಬೆಳೆಯೋ ನೋವು ಕಣೋ, ಓಡು’ ಎಂದು ಬೆನ್ನು ತಟ್ಟಿ ಕಳಿಸುವವರಿದ್ದಾರೆ. ಅರ್ಧ ಸತ್ಯ. ಆ ವಯಸ್ಸಿನಲ್ಲಿ ಮೊಳಕಾಲ ಮೂಳೆಯ ಮೇಲ್ತುದಿ ಇನ್ನೂ ಮೃದ್ವಸ್ಥಿಯಾಗಿರುತ್ತದೆ. ತೊಡೆಯ ಸ್ನಾಯು ಪ್ರತಿ ಜಿಗಿತಕ್ಕೂ ಅದನ್ನು ಜಗ್ಗುತ್ತದೆ. ಓಸ್‌ಗುಡ್-ಶ್ಲಾಟರ್ ಎಂಬ ಹೆಸರಿನ ಈ ತೊಂದರೆ ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಆದರೆ ನೋವಿದ್ದಾಗ ಓಟ ಜಿಗಿತ ಕಡಿಮೆ ಮಾಡಲೇಬೇಕು. ಆ ವಾರ ಗೋಡೆಯ ಮುಂದೆ ನಿಂತು ಕೈ ಕೆಲಸ ಮಾಡಬಹುದಲ್ಲ.

ನಿದ್ದೆಯ ವಿಷಯ ಹೇಳಿದರೆ ಮಕ್ಕಳು ನಗುತ್ತಾರೆ. 13ರಿಂದ 18 ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಂಟು ಗಂಟೆಗಿಂತ ಕಡಿಮೆ ಮಲಗುವ ಶಾಲಾ ಆಟಗಾರರಿಗೆ ಪೆಟ್ಟಾಗುವ ಸಂಭವ ಉಳಿದವರಿಗಿಂತ 1.7 ಪಟ್ಟು ಇತ್ತು. ಗೋಡೆಯ ಮುಂದೆ ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು.

ಸಸ್ಯಾಹಾರಿ ಮನೆಯ ತಾಯಂದಿರು ಕೇಳುವ ಪ್ರಶ್ನೆ ಒಂದೇ: ಅಲ್ಲಿನ ಮಕ್ಕಳ ಹಾಗೆ ಮಾಂಸ ತಿನ್ನದೆ ಇವನು ಓಡಬಲ್ಲನೇ? ಬಲ್ಲ. ಬೇಳೆ, ಕಾಳು, ಹಾಲು, ಮೊಸರು, ಕಡಲೆಕಾಯಿ ಮೂರು ಹೊತ್ತಿನಲ್ಲೂ ಹಂಚಿಕೊಂಡು ಬಂದರೆ ಪ್ರೋಟೀನಿನ ಕೊರತೆ ಬರುವುದಿಲ್ಲ. ಕೊರತೆ ಬರುವುದು ಹೊತ್ತಿನಲ್ಲಿ. ಶಾಲೆಯ ಊಟ ಹನ್ನೊಂದೂವರೆಗೆ ಮುಗಿದು ಆಯ್ಕೆ ಮಧ್ಯಾಹ್ನ ಮೂರಕ್ಕಿದ್ದರೆ ಹೊಟ್ಟೆ ಖಾಲಿ. ಚೀಲದಲ್ಲೊಂದು ಬಾಳೆಹಣ್ಣು, ಎರಡು ಸುತ್ತಿದ ಚಪಾತಿ ಇರಲಿ. ಹುಡುಗಿಯರು ಬೇಗ ಸುಸ್ತಾದರೆ ಕಬ್ಬಿಣಾಂಶ ಪರೀಕ್ಷಿಸಬೇಕು. ಡಬ್ಬಿಯಲ್ಲಿ ಬರುವ ಕೆಫೀನ್ ತುಂಬಿದ ‘ಎನರ್ಜಿ’ ಪಾನೀಯಗಳಿಗೆ ಮಕ್ಕಳ ಆಹಾರದಲ್ಲಿ ಜಾಗವೇ ಇಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನೀರು ಸಾಕು.

ಈ ಆಟದ ತಯಾರಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಮಾತು ಎದೆಯದ್ದು. ಪೂರ್ತಿ ಆರೋಗ್ಯವಂತ ಹುಡುಗನೊಬ್ಬನ ಎದೆಗೆ, ಸರಿಯಾಗಿ ಹೃದಯದ ಮೇಲೆ, ಚೆಂಡು ಬಡಿದು ಅವನು ಎರಡು ಹೆಜ್ಜೆ ನಡೆದು ಕುಸಿದು ಬೀಳುವುದುಂಟು. ಪಕ್ಕೆಲುಬು ಮುರಿದಿರುವುದಿಲ್ಲ, ಹೃದಯಕ್ಕೆ ಗಾಯವಿರುವುದಿಲ್ಲ. ವೈದ್ಯರು ಇದನ್ನು ಕಮೋಷಿಯೊ ಕಾರ್ಡಿಸ್ ಎನ್ನುತ್ತಾರೆ. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ತನ್ನ ವಿದ್ಯುತ್ ಸ್ಥಿತಿಯನ್ನು ಮತ್ತೆ ಮೊದಲಿನಂತೆ ಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಅವಧಿಯ ಒಂದು ಕಿಂಡಿ ಇದೆ. ಪೆಟ್ಟು ಆ ಕಿಂಡಿಯಲ್ಲೇ ಬಿದ್ದರೆ ಬಡಿತದ ತಾಳ ತಪ್ಪಿ ಹೃದಯ ಬರೀ ಅದುರತೊಡಗುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ಬಾಸ್ಟನ್ನಿನ ವೈದ್ಯರು 1998ರಲ್ಲಿ ಹಂದಿಮರಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ನಂತರದ ಪ್ರಯೋಗಗಳಲ್ಲಿ ಹೆಚ್ಚು ಅಪಾಯಕಾರಿಯಾಗಿ ಕಂಡದ್ದು ಅತಿ ವೇಗವಲ್ಲ, ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗ. 145 ಗ್ರಾಂ ಚೆಂಡಿಗೆ ಆ ವೇಗದಲ್ಲಿರುವ ಚಲನಶಕ್ತಿ ಸುಮಾರು 23 ಜೂಲ್. ಒಂದು ಕಿಲೋ ಕಲ್ಲು 2.3 ಮೀಟರ್ ಎತ್ತರದಿಂದ ಬಿದ್ದಷ್ಟು. ಹದಿನಾಲ್ಕರ ಹುಡುಗನೇ ಎಸೆಯಬಲ್ಲ ವೇಗ ಅದು. ಮಕ್ಕಳ ಎದೆಗೂಡು ಮೆತ್ತಗಿರುವುದರಿಂದ ಪೆಟ್ಟು ಒಳಗೆ ತಲುಪುವುದೂ ಸುಲಭ.

ಇದು ಅಪರೂಪ, ಬಹಳ ಅಪರೂಪ. ಆದರೆ ಹಳೆಯ ಎದೆಕವಚಗಳು ಇದನ್ನು ತಡೆಯುತ್ತವೆಂಬ ಭರವಸೆ ಇರಲಿಲ್ಲ. ಇದಕ್ಕೆಂದೇ ಹೊಸ ಮಾನಕ ರೂಪಿಸಿ, ಅಮೆರಿಕದ ಹೈಸ್ಕೂಲು ಹುಡುಗರ ಆಟದಲ್ಲಿ 2021ರ ಜನವರಿಯಿಂದ ಗೋಲಿಗಳಿಗೆ, 2022ರ ಜನವರಿಯಿಂದ ಉಳಿದ ಆಟಗಾರರಿಗೂ ಆ ಮಾನಕದ ಕವಚ ಕಡ್ಡಾಯ ಮಾಡಿದರು. ಅಣ್ಣನ ಹಳೆಯ ಕವಚ ತಮ್ಮನಿಗೆ ಆದೀತೆಂದು ಉಳಿತಾಯ ಮಾಡುವ ಮನೆಗಳು ಈ ಒಂದು ವಸ್ತುವಿನ ಮೇಲಿನ ಗುರುತನ್ನು ನೋಡಿಯೇ ಕೊಡಬೇಕು. ಕೋಲು ಹಳೆಯದಾದರೆ ನಡೆಯುತ್ತದೆ, ಬೂಟು ಹಳೆಯದಾದರೂ ನಡೆಯುತ್ತದೆ. ಕವಚ ತೊಟ್ಟ ಮಾತ್ರಕ್ಕೆ ಎದೆಯೊಡ್ಡಿ ಚೆಂಡು ತಡೆಯುವುದು ಶೌರ್ಯವೂ ಅಲ್ಲ. ಒಬ್ಬ ಕುಸಿದರೆ ತಕ್ಷಣ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತ, ಇನ್ನೊಬ್ಬರು ಹೃದಯಕ್ಕೆ ವಿದ್ಯುದಾಘಾತ ಕೊಡುವ ಪೆಟ್ಟಿಗೆಯನ್ನು ತರಬೇಕು. ಅದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಆಯ್ಕೆಯ ದಿನ ಪೋಷಕರು ತರಬೇತುದಾರನನ್ನು ಕೇಳಬೇಕಾದ ಪ್ರಶ್ನೆ ‘ನನ್ನ ಮಗ ಯಾವ ಸ್ಥಾನದಲ್ಲಿ ಆಡುತ್ತಾನೆ’ ಎಂದಲ್ಲ, ‘ಆ ಪೆಟ್ಟಿಗೆ ಎಲ್ಲಿದೆ’ ಎಂದು. ಕ್ರಿಕೆಟ್ಟಿನ ಚರ್ಮದ ಚೆಂಡಿನಿಂದಲೂ ಇದೇ ಅಪಾಯ ಉಂಟಾದ್ದರಿಂದ ಈ ಪ್ರಶ್ನೆಯನ್ನು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಕೇಳಿದರೂ ತಪ್ಪಿಲ್ಲ.

ತಲೆಗೆ ಪೆಟ್ಟಾದಾಗ ಅಲ್ಲಿನ ಕಾನೂನೇ ನೆರವಿಗೆ ಬರುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ 2009ರಲ್ಲಿ ಮೊದಲಾಗಿ 2014ರ ಹೊತ್ತಿಗೆ ಐವತ್ತೂ ರಾಜ್ಯಗಳು ಶಾಲಾ ಆಟಗಾರರ ತಲೆಪೆಟ್ಟಿನ ಬಗ್ಗೆ ಕಾನೂನು ಮಾಡಿವೆ. ಮಿದುಳು ಅಲುಗಿದ ಸಂಶಯವಿದ್ದರೆ ಆಟದಿಂದ ಹೊರಗೆ. ವೈದ್ಯರ ಒಪ್ಪಿಗೆಯಿಲ್ಲದೆ ಮರಳುವಂತಿಲ್ಲ. ಆಯ್ಕೆ ತಪ್ಪೀತೆಂದು ತಲೆನೋವು ಮುಚ್ಚಿಡುವ ಮಕ್ಕಳುಂಟು. ಮನೆಯಲ್ಲಿ ಮೊದಲೇ ಮಾತಾಡಿಟ್ಟಿದ್ದರೆ ಮುಚ್ಚಿಡುವುದು ಕಡಿಮೆಯಾದೀತು.

ಕೆಲವು ತಂದೆಯರು ಮಾತ್ರ ಈ ಎಲ್ಲವನ್ನೂ ಬಿಟ್ಟು ಕಾಲೇಜಿನ ಲೆಕ್ಕ ಹಾಕುತ್ತಿರುತ್ತಾರೆ. ಲಕ್ರಾಸ್ ಆಡಿದರೆ ಶುಲ್ಕ ಮಾಫಿ ಎಂಬ ನಂಬಿಕೆ. 2025ರವರೆಗೆ ಅಲ್ಲಿನ ಅತ್ಯುನ್ನತ ದರ್ಜೆಯ ಕಾಲೇಜು ಪುರುಷರ ತಂಡವೊಂದಕ್ಕೆ ಇದ್ದದ್ದು ಹೆಚ್ಚೆಂದರೆ 12.6 ಪೂರ್ಣ ವಿದ್ಯಾರ್ಥಿವೇತನ. ಅದನ್ನೇ ನಲವತ್ತಕ್ಕೂ ಹೆಚ್ಚು ಹುಡುಗರಿಗೆ ಚೂರು ಚೂರಾಗಿ ಹಂಚಬೇಕಿತ್ತು. ಆ ವರ್ಷ ನಿಯಮ ಬದಲಾಗಿದ್ದರೂ ಒಂಬತ್ತನೆಯ ತರಗತಿಯವನ ಕೋಲಿನ ತುದಿಗೆ ಕಾಲೇಜು ಶುಲ್ಕ ನೇತುಹಾಕುವುದು ನ್ಯಾಯವಲ್ಲ. ಕೋಲು, ಹೆಲ್ಮೆಟ್, ಕವಚಗಳಿಗೇ ನೂರಾರು ಡಾಲರ್ ಖರ್ಚಾಗಿರುತ್ತದೆ. ಆ ಖರ್ಚನ್ನು ಊಟದ ಹೊತ್ತಿನಲ್ಲಿ ನೆನಪಿಸುವುದೂ ಬೇಡ.

ಪಟ್ಟಿ ಹೊರಬೀಳುವ ದಿನ ಕೆಲವು ಹೆಸರುಗಳು ಇರುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ತಾಲ್ಲೂಕು ಮಟ್ಟದ ಕೊಕ್ಕೊ ತಂಡಕ್ಕೆ ಆಯ್ಕೆಯಾಗದ ಹುಡುಗನ ಮುಖ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಜೀವಶಾಸ್ತ್ರದ ಒಂದು ಸಂಗತಿ ತಿಳಿದಿರುವುದು ಒಳ್ಳೆಯದು. ಹುಡುಗರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ ಹದಿಮೂರೂವರೆ, ಹದಿನಾಲ್ಕರ ಸುಮಾರಿಗೆ, ಹುಡುಗಿಯರು ಹನ್ನೆರಡರ ಸುಮಾರಿಗೆ. ಆದರೆ ಒಬ್ಬೊಬ್ಬರಲ್ಲಿ ಅದು ಒಂದೆರಡು ವರ್ಷ ಹಿಂದೆ ಮುಂದೆ ಆಗುತ್ತದೆ. ಒಂದೇ ತರಗತಿಯಲ್ಲಿ ಮೀಸೆ ಚಿಗುರಿದವನೂ ಇನ್ನೂ ಎಳೆಯ ದನಿಯವನೂ ಅಕ್ಕಪಕ್ಕ ನಿಂತು ಆಯ್ಕೆಗೆ ಓಡುತ್ತಾರೆ. ಆ ಮಾರ್ಚ್‌ನಲ್ಲಿ ಗೆದ್ದವನು ಕೆಲವೊಮ್ಮೆ ಗೆದ್ದದ್ದು ಆಟದಿಂದಲ್ಲ, ಹಾರ್ಮೋನಿನಿಂದ. ಒಳ್ಳೆಯ ತರಬೇತುದಾರರಿಗೆ ಇದು ಗೊತ್ತಿರುತ್ತದೆ, ಎಲ್ಲರೂ ಒಳ್ಳೆಯವರಲ್ಲ.

ಹೆಸರಿಲ್ಲದವನು ಒಂದೆರಡು ದಿನ ಸುಮ್ಮನಿದ್ದು, ತರಬೇತುದಾರನ ಬಳಿ ತಾನೇ ಹೋಗಿ ಕೇಳಬೇಕು, ಅಪ್ಪ ಅಮ್ಮ ಅಲ್ಲ. ಯಾವ ಎರಡು ವಿಷಯದಲ್ಲಿ ಹಿಂದಿದ್ದೇನೆ ಎಂದು ಕೇಳಿದರೆ ಬಹಳಷ್ಟು ಜನ ನೇರವಾಗಿ ಹೇಳುತ್ತಾರೆ: ಎಡಗೈ, ನೆಲದ ಚೆಂಡು, ಅಥವಾ ತಪ್ಪಿದ ಮೇಲೆ ನಿಂತುಬಿಡುವ ಅಭ್ಯಾಸ. ಊರಿನ ಮನರಂಜನಾ ಲೀಗ್‌ಗಳು ಆಯ್ಕೆಯಿಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳುತ್ತವೆ. ಕೆಲವು ಶಾಲೆಗಳಲ್ಲಿ ತಂಡದ ಮ್ಯಾನೇಜರನಾಗಿ ಅಂಕ ಬರೆಯುತ್ತ, ಅಭ್ಯಾಸದ ಹೊತ್ತಿನಲ್ಲಿ ಚೆಂಡು ಎಸೆಯುತ್ತ ಆಟ ಕಲಿಯಲು ಬಿಡುತ್ತಾರೆ. ಏಪ್ರಿಲ್ ಹೊತ್ತಿಗೆ ಹಿಮವೂ ಕರಗಿ ಶಾಲೆಯ ಹಿಂಬದಿ ಗೋಡೆಯ ಮುಂದಿನ ನೆಲ ಒಣಗಿರುತ್ತದೆ.